ನೊರೆಹಾಲಿನ ನಂಬಿಕೆಯನ್ನು ಪ್ರಶ್ನಿಸಿದ ಆಲಿಸ್ ಇವಾನ್ಸ್

ಹಾಲು ಕೆಡುವುದು ಕೆಚ್ಚಲಿನಿಂದ ಹೊರಬಂದ ಮೇಲೆ. ಆರೋಗ್ಯವಂತ ಹಸುವಿನಿಂದ ಶುಚಿಯಾಗಿ ಕರೆದ ನೊರೆಹಾಲಿನಿಂದ ಅಪಾಯವಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಹೈನುಗಾರರು ಸಾಮಾನ್ಯವಾಗಿ ಹೀಗೆ ನಂಬಿದ್ದರು. ವಿಜ್ಞಾನಿಗಳಲ್ಲೂ ಅನೇಕರು ಇದನ್ನು ಒಪ್ಪಿದ್ದರು. ಈ ನಂಬಿಕೆಯನ್ನು ಪ್ರಯೋಗಾಲಯದ ಪುರಾವೆಯಿಂದ ಅಲುಗಾಡಿಸಿದವರು ಆಲಿಸ್ ಇವಾನ್ಸ್. ಅವರ ಬಳಿ ಇದ್ದದ್ದು ಸ್ನಾತಕೋತ್ತರ ಪದವಿ ಮಾತ್ರ.

ಇವಾನ್ಸ್ 1881ರಲ್ಲಿ ಪೆನ್ಸಿಲ್ವೇನಿಯಾದ ನೀತ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದರು. ಕಾಲೇಜಿನ ಖರ್ಚು ಭರಿಸುವ ಶಕ್ತಿ ಮನೆಗಿರಲಿಲ್ಲ. ಆ ಕಾಲದ ಹೆಣ್ಣುಮಕ್ಕಳಿಗೆ ತೆರೆದಿದ್ದ ಕೆಲವೇ ವೃತ್ತಿಗಳಲ್ಲಿ ಒಂದಾದ ಶಿಕ್ಷಕ ವೃತ್ತಿಯನ್ನು ನಾಲ್ಕು ವರ್ಷ ಕೈಗೊಂಡರು. ಗ್ರಾಮೀಣ ಶಿಕ್ಷಕರಿಗಾಗಿ ಕಾರ್ನೆಲ್ ವಿಶ್ವವಿದ್ಯಾಲಯ ಉಚಿತವಾಗಿ ನಡೆಸುತ್ತಿದ್ದ ನಿಸರ್ಗ ಅಧ್ಯಯನದ ಶಿಕ್ಷಣ ಅವರ ದಿಕ್ಕನ್ನೇ ಬದಲಿಸಿತು. ಅಲ್ಲಿಯೇ ಮುಂದುವರಿದು 1909ರಲ್ಲಿ ಬ್ಯಾಕ್ಟೀರಿಯಾ ವಿಜ್ಞಾನದಲ್ಲಿ ಪದವಿ ಪಡೆದರು. ಅಲ್ಲಿಂದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ. ಆ ವಿಷಯದಲ್ಲಿ ಅದುವರೆಗೆ ಯಾವ ಮಹಿಳೆಗೂ ದೊರೆಯದಿದ್ದ ವಿದ್ಯಾರ್ಥಿವೇತನ ಅವರಿಗೆ ದೊರೆಯಿತು. 1910ರಲ್ಲಿ ಸ್ನಾತಕೋತ್ತರ ಪದವಿ ಪೂರೈಸಿದರು. ಡಾಕ್ಟರೇಟ್ ಅಧ್ಯಯನ ಮುಂದುವರಿಸುವಂತೆ ಗುರುಗಳು ಸಲಹೆ ನೀಡಿದರೂ ಕೇಂದ್ರ ಕೃಷಿ ಇಲಾಖೆಯ ಹೈನು ವಿಭಾಗದ ಉದ್ಯೋಗವನ್ನೇ ಆರಿಸಿಕೊಂಡರು. ಮೊದಲ ಮೂರು ವರ್ಷ ಚೀಸ್ ಕುರಿತ ಸಂಶೋಧನೆ ನಡೆಯಿತು. 1913ರಲ್ಲಿ ವಾಷಿಂಗ್ಟನ್ನಿಗೆ ವರ್ಗವಾಗಿ, ಆಗಷ್ಟೇ ಕರೆದ ಹಾಲಿನಲ್ಲಿರುವ ಬ್ಯಾಕ್ಟೀರಿಯಾಗಳ ಪರೀಕ್ಷೆಗೆ ನಿಂತರು. ಆ ವಿಭಾಗದ ಕಾಯಂ ಹುದ್ದೆಯಲ್ಲಿ ಮಹಿಳಾ ವಿಜ್ಞಾನಿಯೊಬ್ಬರು ಕುಳಿತದ್ದು ಅದೇ ಮೊದಲು.

ಹಸುಗಳು ಕಂದು ಹಾಕುವ ರೋಗಕ್ಕೆ ಕಾರಣವಾದ ಜೀವಾಣುವನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿ ಗುರುತಿಸಿದ್ದರು. ಅದಕ್ಕೆ ಹತ್ತು ವರ್ಷ ಮೊದಲು, ಮಾಲ್ಟಾ ದ್ವೀಪದಲ್ಲಿ ಸೈನಿಕರನ್ನು ಕಾಡುತ್ತಿದ್ದ ಏರಿಳಿತದ ಜ್ವರದ ಜೀವಾಣುವನ್ನು ಬ್ರಿಟಿಷ್ ಸೇನಾವೈದ್ಯ ಡೇವಿಡ್ ಬ್ರೂಸ್ ಕಂಡುಹಿಡಿದಿದ್ದರು. ಆ ಜ್ವರ ಆಡಿನ ಹಾಲಿನಿಂದ ಬರುತ್ತದೆಂಬುದೂ 1905ರ ಹೊತ್ತಿಗೆ ತಿಳಿದಿತ್ತು. ಆದರೆ ಒಂದನ್ನು ಕಡ್ಡಿಯಾಕಾರದ್ದೆಂದೂ ಇನ್ನೊಂದನ್ನು ಗೋಲಾಕಾರದ್ದೆಂದೂ ವರ್ಗೀಕರಿಸಿದ್ದರಿಂದ ಎರಡರ ನಡುವೆ ನಂಟಿರಬಹುದೆಂಬ ಯೋಚನೆ ಹುಟ್ಟಲಿಲ್ಲ. ಪಶುವೈದ್ಯರು ಒಂದನ್ನು ಓದಿದರು, ಮಾನವ ವೈದ್ಯರು ಇನ್ನೊಂದನ್ನು. ಇವಾನ್ಸ್ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಬೆಳೆಸಿದರು. ಅವು ಬಹುಮಟ್ಟಿಗೆ ಒಂದೇ ರೀತಿ ವರ್ತಿಸಿದವು. ರೋಗದ ಲಕ್ಷಣವೇ ಕಾಣದ ಹಸುವಿನ ಹಾಲಿನಲ್ಲೂ ಬ್ಯಾಂಗ್ ಕಂಡ ಜೀವಾಣು ಇರಬಲ್ಲದು. ಹಾಗಿದ್ದ ಮೇಲೆ ಕಾಯಿಸದ ಹಾಲು ಕುಡಿಯುವವರಿಗೆ ಅದು ತಗಲಲಾರದೇಕೆ? 1917ರಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘದ ಮುಂದೆ ಈ ಪ್ರಶ್ನೆಯನ್ನಿಟ್ಟರು. ಮರುವರ್ಷ ಪ್ರಬಂಧ ಪ್ರಕಟವಾಯಿತು. ಹಾಲನ್ನು ಪಾಶ್ಚರೀಕರಿಸಿಯೇ ಬಳಸಬೇಕೆಂಬುದು ಅವರ ನಿಲುವಾಯಿತು.

ವಿದ್ವತ್ ವಲಯ ನಂಬಲಿಲ್ಲ. ಘಟಾನುಘಟಿಗಳ ಕಣ್ಣಿಗೆ ಬೀಳದ್ದು ಡಾಕ್ಟರೇಟ್ ಇಲ್ಲದ ಮಹಿಳೆಗೆ ಕಂಡೀತೇ ಎಂಬ ಧೋರಣೆ ಅಲ್ಲಿತ್ತು. ಪಶುರೋಗ ವಿಜ್ಞಾನದ ದೊಡ್ಡ ಹೆಸರಾಗಿದ್ದ ಥಿಯೋಬಾಲ್ಡ್ ಸ್ಮಿತ್ ಅವರೇ ವರ್ಷಗಳ ಕಾಲ ವಿರೋಧವಾಗಿ ನಿಂತರು. ಪಾಶ್ಚರೀಕರಣದ ಯಂತ್ರ ತಯಾರಕರೊಂದಿಗೆ ಇವಾನ್ಸ್ ಕೈಜೋಡಿಸಿದ್ದಾರೆಂಬ ಆರೋಪ ಹೈನು ವ್ಯಾಪಾರಿಗಳಿಂದ ಬಂತು. ಅವರು ಉತ್ತರಿಸಿದ್ದು ಮತ್ತಷ್ಟು ಪ್ರಯೋಗಗಳಿಂದ. 1920ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಕಾರ್ಲ್ ಮೇಯರ್ ಮತ್ತು ಸಂಗಡಿಗರ ಕೆಲಸ ಇವಾನ್ಸ್ ಅವರ ತೀರ್ಮಾನವನ್ನು ಎತ್ತಿಹಿಡಿಯಿತು. ಎರಡೂ ಜೀವಾಣುಗಳು ಬ್ರುಸೆಲ್ಲಾ ಎಂಬ ಒಂದೇ ಕುಲಕ್ಕೆ ಸೇರಿದವು. ಮುಂದೆ ದೇಶ ವಿದೇಶಗಳಿಂದ ಪುರಾವೆಗಳು ಸಾಲುಗಟ್ಟಿದವು.

ಈ ನಡುವೆ 1922ರಲ್ಲಿ ಪ್ರಯೋಗಾಲಯದಲ್ಲೇ ಇವಾನ್ಸ್ ಅವರಿಗೆ ಸೋಂಕು ತಗಲಿತು. ಜ್ವರ, ಮೈಕೈ ನೋವು, ನಿತ್ರಾಣ ಬಿಟ್ಟುಬಿಟ್ಟು ಮರುಕಳಿಸುತ್ತ ಎರಡು ದಶಕ ಕಾಡಿದವು. ರೋಗ ಪತ್ತೆಯಾಗದ ವರ್ಷಗಳಲ್ಲಿ ಅದನ್ನು ನರದೌರ್ಬಲ್ಯವೆಂದು ತಳ್ಳಿಹಾಕಲಾಯಿತು. ಕಡೆಗೆ ಅವರ ದೇಹದಿಂದಲೇ ಬ್ರುಸೆಲ್ಲಾ ಜೀವಾಣುವನ್ನು ಬೇರ್ಪಡಿಸಿದಾಗ ಸಂದೇಹಕ್ಕೆ ಎಡೆಯುಳಿಯಲಿಲ್ಲ. ಅಂಥ ದಿನಗಳಲ್ಲೇ, 1928ರಲ್ಲಿ, ಹಿಂದೆ ಅವರನ್ನು ನಂಬದಿದ್ದ ಸಂಘ ಅವರನ್ನು ತನ್ನ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಆರಿಸಿತು. 1930ರ ದಶಕದಲ್ಲಿ ಅಮೆರಿಕದ ಹೈನೋದ್ಯಮದಲ್ಲಿ ಪಾಶ್ಚರೀಕರಣ ವ್ಯಾಪಕವಾಗಿ ನೆಲೆಗೊಂಡಿತು. ಇವಾನ್ಸ್ 1945ರಲ್ಲಿ ನಿವೃತ್ತರಾದರು, 1975ರಲ್ಲಿ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ನಿಧನರಾದರು.

ಅವರ ಬದುಕು ನಮಗೆ ದೂರದ ಕಥೆಯಲ್ಲ. ಕಂದು ಹಾಕುವ ರೋಗ ಭಾರತದ ಕೊಟ್ಟಿಗೆಗಳಿಂದ ಇನ್ನೂ ತೊಲಗಿಲ್ಲ. ಹಾಲು ಉಕ್ಕಿಸಿ ಕುಡಿಯುವ ನಮ್ಮ ರೂಢಿ ಗ್ರಾಹಕರನ್ನು ಬಹುಮಟ್ಟಿಗೆ ಕಾಪಾಡಿದೆ. ಆದರೆ ಆ ರಕ್ಷಣೆ ಹಸು ಸಾಕುವವರಿಗೆ ಸಾಲದು. ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಯಲ್ಲಿ ಎತ್ತುವ ರೈತ ಮಹಿಳೆಗೆ, ಹೆರಿಗೆ ಮಾಡಿಸುವ ಪಶುವೈದ್ಯರಿಗೆ ಸೋಂಕು ನೇರವಾಗಿ ತಗಲುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಒಂದು ಬಾರಿ ಲಸಿಕೆ ಹಾಕುವ ವ್ಯವಸ್ಥೆಯಿದೆ. ರೈತರು ಆ ವಯಸ್ಸು ಮೀರಲು ಬಿಡಬಾರದು. ಮರುಕಳಿಸುವ ಜ್ವರವೆಂದು ಬಂದ ರೋಗಿಯನ್ನು, ಮನೆಯಲ್ಲಿ ದನಗಳಿವೆಯೇ, ಯಾವುದಾದರೂ ಕಂದು ಹಾಕಿದೆಯೇ ಎಂದು ವೈದ್ಯರು ವಿಚಾರಿಸಬೇಕು.

ಹೆಬ್ಬಾಳ, ಬೀದರ್‌ಗಳ ಪಶುವೈದ್ಯ ಕಾಲೇಜುಗಳಲ್ಲಿ ಹಸುವಿನ ಆರೋಗ್ಯವನ್ನೂ ಹಾಲಿನ ಗುಣಮಟ್ಟವನ್ನೂ ಅಭ್ಯಸಿಸುವ ಸ್ನಾತಕೋತ್ತರ ವಿದ್ಯಾರ್ಥಿಗಳು ಇವಾನ್ಸ್ ಅವರ ವಾರಸುದಾರರು. ಅವರ ಪ್ರಬಂಧಗಳು ಪದವಿ ಮುಗಿದೊಡನೆ ಗ್ರಂಥಾಲಯದ ಕಪಾಟು ಸೇರಿದರೆ ನಷ್ಟ ಕೊಟ್ಟಿಗೆಗೂ ಆಸ್ಪತ್ರೆಗೂ ಸಮಾನ. ಎಳೆಯ ಸಂಶೋಧಕರೊಬ್ಬರ ಮಾತನ್ನು ಪದವಿ ನೋಡಿ ಬದಿಗಿರಿಸದೆ ಪುರಾವೆ ನೋಡಿ ಪರೀಕ್ಷಿಸಿದ್ದರೆ, ಹಸಿಹಾಲಿನ ಜ್ವರದಿಂದ ಎಷ್ಟೋ ಜನ ಕೆಲವು ವರ್ಷ ಮೊದಲೇ ಪಾರಾಗುತ್ತಿದ್ದರು.