ವಿಕೆಟ್ ಬೇಕಿತ್ತು, ನಾಯಕತ್ವ ದಕ್ಕಲಿಲ್ಲ

1876ರಲ್ಲಿ ಧಾರವಾಡದಲ್ಲಿ ಜನಿಸಿದ ಪಾಲ್ವಣಕರ ಬಾಳೂ, ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುತ್ತ, ಅಭ್ಯಾಸದ ವೇಳೆ ಆಂಗ್ಲ ಸಾಹೇಬರಿಗೆ ಬೌಲಿಂಗ್ ಮಾಡುತ್ತ ಎಡಗೈ ಸ್ಪಿನ್ ಕರಗತ ಮಾಡಿಕೊಂಡವರು. ಪುಣೆಯ ಹಿಂದೂ ತಂಡಕ್ಕೆ ಅವರ ವಿಕೆಟ್‌ಗಳು ಬೇಕಿದ್ದವು. ಆದರೆ ಅಸ್ಪೃಶ್ಯರೆಂಬ ಕಾರಣಕ್ಕೆ ಚಹಾ ಸಿಗುತ್ತಿದ್ದುದು ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ.

1911ರ ಇಂಗ್ಲೆಂಡ್ ಪ್ರವಾಸದಲ್ಲಿ ಭಾರತ ತಂಡ ಬಹುಪಾಲು ಪಂದ್ಯಗಳಲ್ಲಿ ಸೋತರೂ ಬಾಳೂ 114 ವಿಕೆಟ್ ಕಬಳಿಸಿದರು. ಆದರೂ ಹಿಂದೂ ತಂಡದ ನಾಯಕರಾಗಿ ಅವರು ಎಂದೂ ಆಯ್ಕೆಯಾಗಲಿಲ್ಲ. ಆ ಪಟ್ಟ 1923ರಲ್ಲಿ ತಮ್ಮ ವಿಠ್ಠಲನಿಗೆ ದೊರೆಯಿತು. 1937ರ ಚುನಾವಣೆಯಲ್ಲಿ ಅಂಬೇಡ್ಕರರ ವಿರುದ್ಧ ಸ್ಪರ್ಧಿಸಿ ಸೋತ ಬಾಳೂ, 1955ರಲ್ಲಿ ನಿಧನರಾದರು.

ತುಮಕೂರು, ಗುಬ್ಬಿ, ಕುಣಿಗಲ್ಲಿನ ಬಯಲುಗಳಲ್ಲಿ ಬೌಲಿಂಗ್ ಕಲಿಯುವ ಮಕ್ಕಳು ಈ ಹೆಸರನ್ನು ಅರಿಯಬೇಕು. ಅವರನ್ನು ತಂಡಕ್ಕೆ ಆರಿಸುವ ಹಿರಿಯರು ಇನ್ನೂ ಮೊದಲು ಅರಿಯಬೇಕು.