ಗಡೀಪಾರಾದ ಗುರು: ಸ್ವಾಮಿ ಜೇಮ್ಸ್ ಡಿಕ್ಸನ್

ಸ್ವಾಮಿ ಜೇಮ್ಸ್ ಡಿಕ್ಸನ್ 1758ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಸೀಮೆಯಲ್ಲಿ ಹುಟ್ಟಿದರು. 1798ರ ದಂಗೆಯಲ್ಲಿ ಸೇರಿದ್ದರೆಂದು ಅವರಿಗೆ ಮರಣದಂಡನೆಯಾಯಿತು. ಬಳಿಕ ಅದು ಗಡೀಪಾರಿಗೆ ಇಳಿಯಿತು. 1800ರಲ್ಲಿ ಕೈದಿಗಳ ಹಡಗಿನಲ್ಲಿ ಸಿಡ್ನಿ ಮುಟ್ಟಿದರು. ಅಲ್ಲಿ ಕಥೋಲಿಕರಿಗೆ ಬಹಿರಂಗ ಪೂಜೆಯ ಅನುಮತಿಯೇ ಇರಲಿಲ್ಲ.

1803ರ ಮೇ 15ರಂದು, ಗವರ್ನರ್ ಕಿಂಗ್ ಅನುಮತಿಯಿಂದ, ಸ್ವಾಮಿಗಳು ಅಲ್ಲಿ ಬಹಿರಂಗವಾಗಿ ಬಲಿಪೂಜೆ ಅರ್ಪಿಸಿದರು. ತಗಡಿನ ಪಾನಪಾತ್ರೆ, ಹಳೆಯ ಪರದೆಯಿಂದ ಹೊಲಿದ ಪೂಜಾವಸ್ತ್ರ.

ಮರುವರ್ಷ ಕ್ಯಾಸಲ್ ಹಿಲ್‌ನಲ್ಲಿ ಐರಿಷ್ ಕೈದಿಗಳು ದಂಗೆಯೆದ್ದರು. ಆಯುಧ ಕೆಳಗಿಡಿರೆಂದು ಸ್ವಾಮಿಗಳು ಬೇಡಿಕೊಂಡರು, ಯಾರೂ ಕೇಳಲಿಲ್ಲ. ಸರ್ಕಾರ ಪೂಜೆಯ ಅನುಮತಿಯನ್ನೇ ಹಿಂತೆಗೆದುಕೊಂಡಿತು. ಆದರೂ ಅವರು ಸದ್ದಿಲ್ಲದೆ ಗುರುಸೇವೆ ಮುಂದುವರಿಸಿದರು. 1808ರಲ್ಲಿ ತಾಯ್ನಾಡಿಗೆ ಮರಳಿದ ಅವರು, ಕ್ರಾಸಬೆಗ್ ಧರ್ಮಕೇಂದ್ರದ ಗುರುಗಳಾಗಿದ್ದು 1840ರಲ್ಲಿ ದೈವಾಧೀನರಾದರು.

ಪ್ರತಿ ಭಾನುವಾರ ಪೂಜೆಯ ಭಾಗ್ಯವಿರುವ ನಾವು ಆ ತಗಡಿನ ಪಾತ್ರೆಯನ್ನು ನೆನೆಯೋಣ.