ಮನೆ ಮಾರಿ ಮುದ್ರಣಾಲಯ ಹಾಕಿದ ವಕೀಲ: ಫ.ಗು. ಹಳಕಟ್ಟಿ

ವಿಜಯಪುರದಲ್ಲಿ ಬಿಎಲ್‌ಡಿಇ ಅಂದರೆ ಗೊತ್ತಿಲ್ಲದವರಿಲ್ಲ. ತಿಕೋಟಾ, ಬಬಲೇಶ್ವರದಿಂದ ಬೆಳಗಿನ ಬಸ್ಸಿಗೆ ಬರುವ ಎಷ್ಟೋ ಹುಡುಗ-ಹುಡುಗಿಯರು ಓದುವುದು ಅಲ್ಲೇ. 1910ರಲ್ಲಿ ಆ ಸಂಸ್ಥೆ ಹುಟ್ಟುಹಾಕಿದವರು ವಕೀಲ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ.

ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ತಂದೆ ಸಾಲಿ ಮಾಸ್ತರು. ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದದ್ದೇ 1917ರಲ್ಲಿ. ಹಿಂಗಾಗಿ ಹಳಕಟ್ಟಿಯವರು ಮುಂಬೈನ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಹೋಗಬೇಕಾಯಿತು. ಅಲ್ಲಿ ಮರಾಠಿ, ಗುಜರಾತಿ ಮಂದಿಗೆ ತಮ್ಮ ಭಾಷೆ ಮೇಲಿದ್ದ ಅಭಿಮಾನ ನೋಡಿ, ನಮ್ಮದು ಯಾಕೆ ಹಿಂದೆ ಬಿತ್ತು ಅನ್ನೋ ಚಿಂತೆ ಹತ್ತಿತು. ದೂರದ ಮುಂಬೈಗೆ ಕಳಿಸುವ ಶಕ್ತಿ ಎಷ್ಟು ಮನೆಗಳಿಗೆ ಇತ್ತು?

1904ರಲ್ಲಿ ಕಾನೂನು ಪದವಿ ಮುಗಿಸಿ, ಬೆಳಗಾವಿಯಲ್ಲಿ ಸ್ವಲ್ಪ ದಿನ ಇದ್ದು, ವಿಜಯಪುರಕ್ಕೆ ಬಂದು ನೆಲೆ ನಿಂತರು. ಬಾಜಾರದ ಮಂದಿಗೆ ಗೊತ್ತಿರುವ ಸಿದ್ಧೇಶ್ವರ ಬ್ಯಾಂಕ್ 1912ರಲ್ಲಿ ಶುರುವಾದದ್ದೂ ಅವರಿಂದಲೇ.

ಆದರೆ ಅವರ ಜೀವ ಇದ್ದದ್ದು ತಾಡೋಲೆಯಲ್ಲಿ. ಊರೂರು ಅಲೆದು, ಮನೆ-ಮಠಗಳ ಕಟ್ಟು ಬಿಚ್ಚಿಸಿ, ವಚನಗಳನ್ನು ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬಂತು. 1925ರಲ್ಲಿ ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ಶಿವಾನುಭವ ಪತ್ರಿಕೆ. ಐವತ್ತರಷ್ಟು ವಚನಕಾರರ ಹೆಸರು ಮಾತ್ರ ಗೊತ್ತಿದ್ದ ಕಾಲದಲ್ಲಿ 250ಕ್ಕೂ ಹೆಚ್ಚು ಮಂದಿಯನ್ನು ಬೆಳಕಿಗೆ ತಂದರು.

ಯಾರು ಆ ಮಂದಿ? ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಬಟ್ಟೆ ಒಗೆದ ಮಡಿವಾಳ ಮಾಚಿದೇವ, ಅಕ್ಕಿ ಆಯ್ದ ಲಕ್ಕಮ್ಮ. ಇವತ್ತು ಮಡಿವಾಳರ ಹುಡುಗ, ಅಂಬಿಗರ ಹುಡುಗಿ ಡಿಗ್ರಿ ಕ್ಲಾಸಿನಲ್ಲಿ ಕುಂತು ತಮ್ಮದೇ ಕಸುಬಿನವರ ಮಾತನ್ನು ಪಾಠವಾಗಿ ಓದುತ್ತಾರೆ. ಕಲಿಸುವ ಜಾಗದಲ್ಲಿ ನಮ್ಮವರೂ ಇದ್ದಾರೆ ಅಂತ ಕಂಡರೆ ಓದುವ ಹುಡುಗರಿಗೆ ಸಿಗುವ ಧೈರ್ಯವೇ ಬೇರೆ. ಅರ್ಧಕ್ಕೆ ಕಾಲೇಜು ಬಿಡುವ ಮನಸ್ಸು ಒಂದಿಷ್ಟು ತಡೆಯುತ್ತದೆ.

ಬಿಎಲ್‌ಡಿಇ ಶುರುವಾದಾಗ ಅದರ ಹೆಸರಲ್ಲೇ ಒಂದು ಸಮಾಜದ ಹೆಸರಿತ್ತು, ನಿಜ. ಆಗ ಬೇರೆ ಬೇರೆ ಸಮಾಜಗಳು ತಮ್ಮ ಮಕ್ಕಳ ಓದಿಗೆ ತಾವೇ ಸಂಸ್ಥೆ ಕಟ್ಟಿಕೊಳ್ಳುತ್ತಿದ್ದವು. ಹಳಕಟ್ಟಿಯವರು ಅಚ್ಚು ಹಾಕಿದ್ದು ಮಾತ್ರ ಎಲ್ಲ ಕಸುಬಿನವರ ಮಾತು. ಪುಸ್ತಕದೊಳಗೆ ಹಿಂಗೆ ಬಂದ ಮನೆತನಗಳಿಂದ ಜಿಲ್ಲೆಯ ಕಾಲೇಜುಗಳ ಸ್ಟಾಫ್ ರೂಮಿಗೆ ಎಷ್ಟು ಮಂದಿ ಬಂದಿದ್ದಾರೆ ಅನ್ನೋದನ್ನು ಯಾರಾದರೂ ಒಮ್ಮೆ ಎಣಿಸಬೇಕು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1964ರ ಜೂನ್ 29ರಂದು ತೀರಿಕೊಂಡರು. 1980ರಲ್ಲಿ ಶುರುವಾದ ನಗರದ ಎಂಜಿನಿಯರಿಂಗ್ ಕಾಲೇಜಿಗೆ ಅವರದೇ ಹೆಸರು. ಹುಟ್ಟಿದ ದಿನವನ್ನು ಸರ್ಕಾರ ವಚನ ಸಾಹಿತ್ಯ ಸಂರಕ್ಷಣಾ ದಿನ ಅಂತ ಆಚರಿಸುತ್ತದೆ.